ಮರುಭೂಮಿಯಲ್ಲಿ ಅಪ್ಪನ ಲೋಡು ಲೆಕ್ಕ

ಕೊಲರಾಡೋ ನದಿ ದಾಟಿ, ಡೋಮ್ ರಾಕ್ ಬೆಟ್ಟಸಾಲಿನ ನಡುವೆ ಹಾದು ಇಳಿಯುವಾಗ ಕೆಳಗಿನ ಬಯಲು ಒಮ್ಮೆಲೇ ತೆರೆದುಕೊಂಡಿತು. ಬೆಳ್ಳಕ್ಕಿ ಹಿಂಡು ಇಳಿದ ಗದ್ದೆಯ ಹಾಗೆ, ಕಣ್ಣು ಹಾಯುವವರೆಗೂ ಬಿಳಿ ಬಿಳಿ ಗಾಡಿಗಳು. ಅಮ್ಮ ಕಿಟಕಿಗೆ ಮುಖ ಹಚ್ಚಿ, "ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಇದ್ದಂಗಿದೆ ಕಣೋ, ಎತ್ತು ಮಾತ್ರ ಕಾಣಲ್ಲ" ಅಂದಳು. ಅಪ್ಪ ನೋಡಿದ್ದು ಬೇರೆಯೇ. "ಇಷ್ಟು ಮನೆಗೆ ಒಂದು ಕಂಬವೂ ಇಲ್ವಲ್ಲೋ!" ಕೆಇಬಿಯಲ್ಲಿ ಮೂವತ್ತು ವರ್ಷ ಕಂಬ ನೆಡಿಸಿ, ತಂತಿ ಎಳೆಸಿದವರಿಗೆ ಅರಿಜೋನಾದ ಮರುಭೂಮಿಯಲ್ಲಿ ಮೊದಲು ಕಂಡಿದ್ದು ಕಂಬ ಇಲ್ಲದಿರುವುದು.

ಊರಿನ ಹೆಸರು ಕ್ವಾರ್ಟ್‌ಸೈಟ್. ಕಾಯಂ ವಾಸಿಗಳು ಕೆಲವೇ ಸಾವಿರ. ಚಳಿಗಾಲ ಬಂತೆಂದರೆ ಕೆನಡಾದಿಂದ, ಅಮೆರಿಕದ ಉತ್ತರದ ರಾಜ್ಯಗಳಿಂದ ನಿವೃತ್ತರು ಹಿಮ ತಪ್ಪಿಸಿಕೊಂಡು ಮನೆಗಾಡಿಗಳಲ್ಲಿ ಇಲ್ಲಿಗೆ ಇಳಿಯುತ್ತಾರೆ. ಜನವರಿಯಲ್ಲಿ ಬಣ್ಣದ ಕಲ್ಲು, ಹರಳುಗಳ ಸಂತೆ, ಮೋಟರ್‌ಹೋಮ್‌ಗಳ ದೊಡ್ಡ ಮೇಳ ಬೇರೆ. ಊರಿನ ದಕ್ಷಿಣಕ್ಕೆ ಲಾ ಪೋಸಾ ಎಂಬ ಬಯಲು; ಕೇಂದ್ರ ಸರ್ಕಾರದ ಜಮೀನು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಅಂದರೆ ಏಳು ತಿಂಗಳಿಗೆ, 180 ಡಾಲರ್ ಕಟ್ಟಿದರೆ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿಕೊಂಡಿರಬಹುದು. ಹದಿನಾಲ್ಕು ದಿನಕ್ಕಾದರೆ 40. ಕುಡಿಯುವ ನೀರು ಹಿಡಿದುಕೊಳ್ಳಲು, ಕೊಳಚೆ ಚೆಲ್ಲಲು ಒಂದು ಜಾಗ ಉಂಟು. ಕರೆಂಟು ನಿಮ್ಮದು ನೀವೇ ನೋಡಿಕೊಳ್ಳಬೇಕು.

ನಮ್ಮದು ಫ್ರೀಮಾಂಟಿನ ಗೆಳೆಯನೊಬ್ಬನಿಂದ ಎರವಲು ತಂದ ಹಳೆಯ ಗಾಡಿ. ಅದರ ಹೊಟ್ಟೆಯಲ್ಲೇ 4,000 ವಾಟಿನ ಜನರೇಟರ್ ಇತ್ತು. ಇತ್ತು ಅಷ್ಟೆ. ಎರಡು ವರ್ಷ ಯಾರೂ ಮುಟ್ಟದೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಕೂತು, ಅದು ಕೆಮ್ಮಿ ಸುಮ್ಮನಾಗುತ್ತಿತ್ತು. ತಿಂಗಳಿಗೊಮ್ಮೆ ಒಂದೆರಡು ಗಂಟೆ, ಅದೂ ಅರ್ಧ ಲೋಡು ಹಾಕಿ ಓಡಿಸಬೇಕೆಂದು ಕೈಪಿಡಿಯಲ್ಲಿ ಬರೆದಿದ್ದನ್ನು ಓದಿದವರು ಯಾರು? ಹೊರಡುವ ಹಿಂದಿನ ದಿನ, ಮನೆ ಕಟ್ಟಿಸುವ ಕಂಟ್ರಾಕ್ಟರ್ ಒಬ್ಬರಿಂದ ನಾನು 7,000 ವಾಟಿನ ಜನರೇಟರ್ ಕೇಳಿ ತಂದೆ. ಇಬ್ಬರು ಹಿಡಿದು ಎತ್ತಬೇಕಾದ, ಚಕ್ರವಿದ್ದ ಕಬ್ಬಿಣದ ಪಂಜರ. ದೊಡ್ಡದಿದ್ದರೆ ನಿಶ್ಚಿಂತೆ ಎಂಬುದು ನನ್ನ ತರ್ಕ. ಮದುವೆಮನೆ ಹಿಂದೆ ಲಾರಿಯಲ್ಲಿ ನಿಲ್ಲಿಸುವ ಜನರೇಟರ್ ನೋಡಿ ಬೆಳೆದವನು ನಾನು.

ಮೊದಲ ಸಂಜೆ ಹಗ್ಗ ಎಳೆದು ಚಾಲೂ ಮಾಡಿದೆ. ಬೆಟ್ಟಗಳೇ ತಿರುಗಿ ನೋಡಿದವು. ಇಂಥ ಯಂತ್ರ 60 ಹರ್ಟ್ಸ್ ಕಾಯ್ದುಕೊಳ್ಳಲು ನಿಮಿಷಕ್ಕೆ 3,600 ಸುತ್ತು ತಿರುಗಲೇಬೇಕು. ನೀವು ಒಂದು ಬಲ್ಬು ಹಚ್ಚಿ, ಹತ್ತು ಹಚ್ಚಿ, ಅದರ ಆರ್ಭಟ ಒಂದೇ. ಅರ್ಧ ಗಂಟೆಯಲ್ಲಿ ಪಕ್ಕದ ಗಾಡಿಯ ಹಿರಿಯರು ನಡೆದು ಬಂದರು. ಕೆನಡಾದ ಆಲ್ಬರ್ಟಾದವರು. ಗದ್ದಲದ ಸುದ್ದಿ ಎತ್ತಲೇ ಇಲ್ಲ. ನಗುತ್ತಾ, "ಏನೇನು ಓಡಿಸ್ತಿದ್ದೀರಿ?" ಅಂತ ಕೇಳಿದರು. ನಾನು ಒಳಗೆ ಇಣುಕಿ ನೋಡಿದೆ. ಎರಡು ಫೋನು ಚಾರ್ಜಿಗಿದ್ದವು. ಒಂದು ದೀಪ ಉರಿಯುತ್ತಿತ್ತು. ಬ್ಯಾಟರಿ ಚಾರ್ಜಿನ ಸ್ವಿಚ್ಚು ಹಾಕುವುದನ್ನೇ ಮರೆತಿದ್ದೆ.

ಆ ರಾತ್ರಿ ಅಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೋಡು ಪಟ್ಟಿ ಬರೆದರು. ಸೀಸದಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು ಗಾಡಿಯೊಳಗೆಲ್ಲ ಓಡಾಡಿ, ಪ್ರತಿ ಯಂತ್ರದ ಬೆನ್ನಿಗಂಟಿದ ಚೀಟಿ ಓದಿದರು. ಒಲೆ ಗ್ಯಾಸಿನದು. ಫ್ರಿಜ್ಜೂ ಗ್ಯಾಸಿನದೇ, ಬೆಂಕಿಯಿಂದ ತಣ್ಣಗಾಗುವ ಪೆಟ್ಟಿಗೆ ಎಂದರೆ ಅಮ್ಮ ಇವತ್ತಿಗೂ ನಂಬಿಲ್ಲ. ಬಿಸಿನೀರು ಗ್ಯಾಸು, ರೂಮು ಬೆಚ್ಚಗೆ ಮಾಡುವ ಹೀಟರೂ ಗ್ಯಾಸು. "ಬೆಂಕಿ ಕೆಲಸ ಗ್ಯಾಸಿಗೆ, ತಿರುಗೋ ಕೆಲಸ ಕರೆಂಟಿಗೆ" ಎಂದು ಅಪ್ಪ ಗೆರೆ ಎಳೆದರು. ಆದರೆ ಆ ಹೀಟರಿಗೂ ಒಂದು ಫ್ಯಾನಿದೆ, ತಿರುಗುವಂಥದ್ದು. 12 ವೋಲ್ಟಿನಲ್ಲಿ ಏಳು ಆಂಪಿಯರ್ ಎಳೆಯುತ್ತದೆ. ಮರುಭೂಮಿಯ ಜನವರಿ ರಾತ್ರಿಯಲ್ಲಿ ಹೀಟರು ಬೇಕಾಗುವ ಹೊತ್ತು ಹನ್ನೆರಡು ಗಂಟೆ. ಅದರಲ್ಲಿ ಅರ್ಧ ಹೊತ್ತು ಫ್ಯಾನು ಓಡಿದರೂ 42 ಆಂಪಿಯರ್-ಗಂಟೆ. ದೀಪ, ನೀರಿನ ಪಂಪು, ಫೋನು ಸೇರಿದರೆ 60. ನಮ್ಮಲ್ಲಿದ್ದದ್ದು 100ರ ಎರಡು ಬ್ಯಾಟರಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸೂ ಇಳಿಯುತ್ತದೆ, ಹಾಗಾಗಿ ಕೈಗೆ ಸಿಗುವುದು 100 ಮಾತ್ರ. ದಿನಾ ಆ 60ನ್ನು ವಾಪಸು ತುಂಬಬೇಕು. ಗಾಡಿಯ ಚಾರ್ಜರ್ ಅದಕ್ಕೆ ಎಳೆಯುವುದು ಸುಮಾರು 800 ವಾಟು, ಎರಡೂವರೆ ಮೂರು ಗಂಟೆ ಹೊತ್ತು.

"ಎಂಟುನೂರು ವಾಟಿಗೆ ಏಳು ಸಾವಿರದ್ದು ತಂದಿದೀಯ. ಇಲಿ ಹಿಡಿಯೋಕೆ ಬೆಟ್ಟ ಅಗೆದಂಗಾಯ್ತು" ಅಂದರು ಅಪ್ಪ.

ಇನ್ನುಳಿದದ್ದು ಮೈಕ್ರೋವೇವು ಮತ್ತು ಅಮ್ಮನ ಮಿಕ್ಸಿ. ಮೈಕ್ರೋವೇವಿನ ಮೇಲೆ 1,000 ವಾಟು ಎಂದು ಬರೆದಿರುತ್ತದೆ. ಅದು ಅನ್ನಕ್ಕೆ ಕೊಡುವ ಶಾಖ. ಗೋಡೆಯಿಂದ ಎಳೆಯುವುದು 1,500ರ ಹತ್ತಿರ. ಮಿಕ್ಸಿ ಈ ದೇಶದ 110 ವೋಲ್ಟಿಗೆಂದೇ ಮಾಡಿದ್ದು, 550 ವಾಟು. ತುಮಕೂರಿನಿಂದ ತಂದಿದ್ದ ಹಳೆಯದು ಇಲ್ಲಿ ತಿರುಗದೆ ಬರೀ ಗುಂಯ್‌ಗುಟ್ಟಿತ್ತು. ಚೀಟಿಯ ಮೇಲಿನ ಅಂಕಿ ಓಡುವಾಗಿನದು, ಏಳುವಾಗಿನದಲ್ಲ. ಪಂಪ್‌ಸೆಟ್ಟು ಇಟ್ಟುಕೊಂಡ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ: ವೋಲ್ಟೇಜು ಕಡಿಮೆ ಇದ್ದರೆ ಮೋಟರು ಎತ್ತಿಕೊಳ್ಳುವುದಿಲ್ಲ. ನಿಂತ ಮೋಟರು ತಿರುಗಲು ಶುರುಮಾಡುವ ಆ ಮೊದಲ ಕ್ಷಣದಲ್ಲಿ ಕೇಳುವ ಕರೆಂಟು ಹಲವು ಪಟ್ಟು. ಅದಕ್ಕೇ ನಮ್ಮ ಕಡೆ ದೊಡ್ಡ ಮೋಟರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕುವುದು. ಅಪ್ಪನ ಪ್ರಕಾರ ಜನರೇಟರ್ ಆರಿಸಲು ಕೇಳಬೇಕಾದ ಪ್ರಶ್ನೆ ಇಷ್ಟೆ: ಒಟ್ಟು ಎಷ್ಟು ಸಾಮಾನಿದೆ ಅಂತಲ್ಲ, ಅತಿ ಭಾರದ ಯಾವ ಮೋಟರನ್ನು ಅದು ಎತ್ತಬೇಕು? ಉಳಿದವನ್ನು ಒಂದಾದ ಮೇಲೆ ಒಂದು ಓಡಿಸಿದರಾಯಿತು.

ಭಾರದ ಮೋಟರು ಅಂದರೆ ಮಾಳಿಗೆಯ ಎ.ಸಿ. 13,500 ಬಿಟಿಯುವಿನದು ಓಡುವಾಗ 1,500 ವಾಟಿನೊಳಗೆ ಇರುತ್ತದೆ, ಏಳುವಾಗ 2,800ರ ಆಸುಪಾಸು ಕೇಳುತ್ತದೆ. 2,200 ವಾಟಿನ ಸಣ್ಣ ಜನರೇಟರ್ ಅಲ್ಲೇ ಮುಗ್ಗರಿಸುವುದು. ದಾರಿ ಮೂರಿದೆ. ಕಂಪ್ರೆಸರಿಗೆ ಸಾಫ್ಟ್ ಸ್ಟಾರ್ಟರ್ ಎಂಬ ಪುಟ್ಟ ಪೆಟ್ಟಿಗೆ ಕೂರಿಸಿದರೆ ಮೋಟರನ್ನು ಮೆಲ್ಲಗೆ ಎಬ್ಬಿಸುತ್ತದೆ. ಇಲ್ಲವೇ ಸಣ್ಣವೆರಡನ್ನು ಕೇಬಲ್ಲಿನಿಂದ ಜೋಡಿಸಬಹುದು, ಜೋಡೆತ್ತಿನ ಹಾಗೆ. ಅದೂ ಬೇಡವೆಂದರೆ 3,000 ವಾಟಿನದೊಂದನ್ನು ಕೊಳ್ಳಬೇಕು. ಅದರ ತೂಕ 60 ಕಿಲೋ ಹತ್ತಿರ. ಐವತ್ತು ದಾಟಿದ ಬೆನ್ನುಳ್ಳವರಿಗೆ ನನ್ನ ಮತ ಜೋಡೆತ್ತಿಗೇ.

ನಮಗೆ ಜನವರಿಯಲ್ಲಿ ಎ.ಸಿ. ಯಾಕೆ? ಸಣ್ಣದೊಂದನ್ನು ಕೊಳ್ಳಲು ಹೋದಾಗ ಮೇಳದ ಡೇರೆಯಲ್ಲಿ ಮಾರುವವನು 4,500 ವಾಟಿನದೊಂದರ ಗುಣಗಾನ ಶುರುಮಾಡಿದ್ದ. ಅಪ್ಪ ಕ್ಯಾಲೆಂಡರ್ ಹಾಳೆ ಬಿಡಿಸಿ ಅವನ ಮುಂದಿಟ್ಟರು. ಕನ್ನಡ ಅಂಕಿಗಳು. ನಾನು ಒಂದೊಂದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆಯಾಡಿಸಿ ಕೆಳಗಿನ ಸಾಲಿನಿಂದ ಸಣ್ಣದನ್ನು ಎತ್ತಿಕೊಟ್ಟ. ಹೋಂಡಾದ ಇಯು2200ಐ. 21 ಕಿಲೋ, ಹಿಡಿ ಹಿಡಿದು ಒಂದೇ ಕೈಯಲ್ಲಿ ಒಯ್ಯಬಹುದು. ಹೆಸರಿನ 2,200 ಕ್ಷಣದ ಮಾತು, ಎಡೆಬಿಡದೆ ಕೊಡುವುದು 1,800. ಟ್ಯಾಂಕು 3.6 ಲೀಟರು, ಕಾಲು ಲೋಡಿನಲ್ಲಿ ಎಂಟು ಗಂಟೆ ಓಡುತ್ತದೆ. ಇದು ಇನ್ವರ್ಟರ್ ಜಾತಿಯದು: ಲೋಡು ಇಳಿದರೆ ಎಂಜಿನ್ನೂ ನಿಧಾನಿಸಿ ಗೊಣಗುಟ್ಟುತ್ತದೆ.

ಮನೆಯ ನಿಯಮಗಳು ಅಂದೇ ಜಾರಿಗೆ ಬಂದವು. ಮೈಕ್ರೋವೇವು ಹಾಕುವ ಮುನ್ನ ಚಾರ್ಜರ್ ಆರಿಸಬೇಕು. 1,500ಕ್ಕೆ 800 ಕೂಡಿದರೆ ಜನರೇಟರಿನ ಕೆಂಪು ದೀಪ ಹತ್ತುತ್ತದೆ. ಒಮ್ಮೆ ಅಮ್ಮ ಮರೆತು ಹತ್ತಿಸಿಯೂ ಬಿಟ್ಟಳು. ದೋಸೆಹಿಟ್ಟು ರುಬ್ಬುವುದು ಸಂಜೆ ನಾಲ್ಕಕ್ಕೆ, ಒಂದೇ ಹೊತ್ತಿಗೆ. ಹೊಗೆ ಗಾಳಿ ಬೀಸುವ ದಿಕ್ಕಿಗೆ ಹೋಗುವಂತೆ, ಜನರೇಟರನ್ನು ನಮ್ಮ ಕಿಟಕಿಗೂ ಆಲ್ಬರ್ಟಾದವರ ಕಿಟಕಿಗೂ ದೂರ ಇಡಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಫಿಲ್ಟರ್ ಕಾಫಿಗೆ ಮಾತ್ರ ಯಾವ ನಿಯಮವೂ ಇಲ್ಲ, ಡಿಕಾಕ್ಷನ್ನು ತಾನಾಗೇ ತೊಟ್ಟಿಕ್ಕುತ್ತದೆ.

ಹೀಗೆ ಬಿಡುವಾದ ಮೇಲೆ ಊರು ನೋಡಿದೆವು. ಇಲ್ಲಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡೊಂದಿದೆ, ತುದಿಯಲ್ಲಿ ಲೋಹದ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಈ ಮರುಭೂಮಿಯಲ್ಲಿ ಸರಕು ಹೊರಿಸಲು ಕಡಲಾಚೆಯಿಂದ ಒಂಟೆಗಳನ್ನೂ ಒಂಟೆಯಾಳುಗಳನ್ನೂ ತರಿಸಿತ್ತು. ಅವರಲ್ಲೊಬ್ಬ ಹಾಜಿ ಅಲಿ. ಇಲ್ಲಿನವರ ನಾಲಗೆಯಲ್ಲಿ 'ಹೈ ಜಾಲಿ'. ಒಂಟೆಗಳೇನೋ ಸಲೀಸಾಗಿ ಹೊತ್ತವು, ಆದರೆ ಅವನ್ನು ಕಂಡರೆ ಕುದುರೆ, ಹೇಸರಗತ್ತೆಗಳು ಬೆದರಿ ಓಡುತ್ತಿದ್ದವು. ಅಂತರ್ಯುದ್ಧ ಬಂದು ಪ್ರಯೋಗ ಅಲ್ಲಿಗೇ ನಿಂತಿತು. 1902ರಲ್ಲಿ ತೀರಿಕೊಂಡ ಆತ ಈ ಮಣ್ಣಿನಲ್ಲೇ ಮಲಗಿದ್ದಾನೆ. ಅಪ್ಪ ಚಪ್ಪಲಿ ಬಿಟ್ಟು ನಿಂತರು. ಎಲ್ಲಿಂದಲೋ ಬಂದು ಎಲ್ಲಿಯೋ ಉಳಿದವನ ಮುಂದೆ ನನಗೂ ತುಸು ಹೊತ್ತು ಮಾತು ಬರಲಿಲ್ಲ.

ಅದೇ ಜನರೇಟರನ್ನು ಬೇಸಗೆಯಲ್ಲಿ ಸಿಯೆರಾ ನೆವಾಡಾದ ಟಯೋಗ ಕಣಿವೆದಾರಿಯತ್ತ ಒಯ್ದಾಗ ಗೊತ್ತಾಯಿತು, ಕ್ವಾರ್ಟ್‌ಸೈಟಿನ ಲೆಕ್ಕ ಅಲ್ಲಿ ನಡೆಯದೆಂದು. ಸಾವಿರ ಅಡಿ ಏರಿದಂತೆಲ್ಲ ಎಂಜಿನ್ನಿನ ಕಸುವು ನೂರಕ್ಕೆ ಮೂರು ಮೂರೂವರೆಯಷ್ಟು ಕರಗುತ್ತದೆ. ಹತ್ತಿರಹತ್ತಿರ ಹತ್ತು ಸಾವಿರ ಅಡಿಯಲ್ಲಿ 1,800 ವಾಟಿನದು 1,200ರದ್ದಾಗಿತ್ತು. ಮೈಕ್ರೋವೇವಿನ ಅನ್ನ ತಣ್ಣಗೇ ಉಳಿಯಿತು. ಬೆಟ್ಟದ ಕಡೆ ಹೊರಡುವವರು ಒಂದು ಅಳತೆ ದೊಡ್ಡದನ್ನೇ ಕೊಳ್ಳಲಿ.

ಮತ್ತೆ ಆ ಜನವರಿಗೆ ಬಂದರೆ, ಲಾ ಪೋಸಾದಲ್ಲಿ ಅದು ನಮ್ಮ ಕೊನೆಯ ರಾತ್ರಿ. ಹತ್ತರಿಂದ ಬೆಳಗಿನ ಆರರವರೆಗೆ ಇಲ್ಲಿ ಸದ್ದು ಮಾಡುವಂತಿಲ್ಲ. ನಾವು ಎಂಟಕ್ಕೇ ಆರಿಸಿದ್ದೆವು. ಅಕ್ಕಪಕ್ಕದ ಯಂತ್ರಗಳೂ ಒಂದೊಂದಾಗಿ ಬಾಯಿ ಮುಚ್ಚಿದವು. ಕೊನೆಯದು ನಿಂತಾಗ ಕಿವಿಯ ಮೇಲಿಂದ ಕಂಬಳಿ ತೆಗೆದಂತಾಯಿತು: ದೂರದಲ್ಲಿ ಕಯೋಟೆಗಳ ಊಳು, ಕಾಲಡಿಯ ನೊರಜುಗಲ್ಲಿನ ಸದ್ದು. ಆಕಾಶದಲ್ಲಿ ಚುಕ್ಕಿಗೆ ಜಾಗ ಸಾಲದು. ಅಪ್ಪ ಟಾರ್ಚಿನಲ್ಲಿ ಬ್ಯಾಟರಿಯ ಮೀಟರು ನೋಡಿ, "ಹನ್ನೆರಡು ಪಾಯಿಂಟ್ ಆರು. ಬೆಳಗಿನವರೆಗೂ ಎಳೆಯುತ್ತೆ" ಅಂದವರು ಮಂಕಿ ಕ್ಯಾಪ್ ಎಳೆದುಕೊಂಡು ಹೊರಬಂದು, ಬಾಗಿಲ ಮೆಟ್ಟಿಲ ಮೇಲೇ ಕತ್ತು ಮೇಲೆತ್ತಿ ನಿಂತರು.

"ನಕ್ಷತ್ರ ನೋಡೋರು ಬಾಗ್ಲು ಹಾಕ್ಕೊಂಡು ನೋಡಿ" ಎಂದು ಒಳಗಿನಿಂದ ಅಮ್ಮನ ದನಿ ಬಂತು. "ಚಳಿ ನುಗ್ತಾ ಇದೆ, ಫ್ಯಾನು ಮತ್ತೆ ಶುರುವಾಯ್ತು."