ಪಾಸ್‌ವರ್ಡ್ ಪೆಟ್ಟಿಗೆಗೆ ಇನ್ನೊಂದು ಪ್ರತಿ

ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿ ಸುದ್ದಿ ಮಾಡುವ ನಮಗೆ ಪಾಸ್‌ವರ್ಡೇ ಬೀಗದ ಕೈ. ಸುದ್ದಿ ಕಳಿಸುವ ಪೋರ್ಟಲ್, ಇಮೇಲ್, ಈ ಬ್ಲಾಗು, ಬ್ಯಾಂಕು ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟರೆ, ಒಂದು ಕಡೆ ಸೋರಿದರೂ ಎಲ್ಲ ಬಾಗಿಲು ತೆರೆದಂತೆ. ಅದಕ್ಕೇ ವಾಲ್ಟ್‌ವಾರ್ಡನ್ ಎಂಬ ಉಚಿತ ತಂತ್ರಾಂಶವನ್ನು ಅರಸೀಕೆರೆಯ ಮನೆಯಲ್ಲಿರುವ ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಹಾಕಿಕೊಂಡಿದ್ದೇವೆ. ಫೋನಿನಲ್ಲಿ ಬಿಟ್‌ವಾರ್ಡನ್ ಆ್ಯಪ್ ಇದೆ.

ಪೆಟ್ಟಿಗೆ ನಮ್ಮದೇ ಅಂದಮೇಲೆ ಕಾಯುವ ಕೆಲಸವೂ ನಮ್ಮದೇ. ಕರೆಂಟ್ ಹೋಗಿ ಬರುವ ಊರಲ್ಲಿ ಮೆಮೊರಿ ಕಾರ್ಡ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಕಳೆದ ಮಳೆಗಾಲದಲ್ಲಿ ಕೊಟ್ಟೇಬಿಟ್ಟಿತು. ಹಳೇಬೀಡಿನ ಗೆಳೆಯ ಅವತ್ತೇ ಹೊಸ ಫೋನ್ ತಗೊಂಡಿದ್ದ; ಸರ್ವರ್ ಇಲ್ಲದೆ ಲಾಗಿನ್ ಆಗದು, ಸಂಜೆಯೊಳಗೆ ಸುದ್ದಿ ಹೋಗಬೇಕು. ಬೇಲೂರಿನ ಗೆಳತಿ ತಮ್ಮಲ್ಲಿದ್ದ ಪ್ರತಿ ಕಳಿಸಿದರು. ಹೊಸ ಕಾರ್ಡಿಗೆ ತುಂಬಿದೆವು. ಸುದ್ದಿ ಹೊತ್ತಿಗೆ ಸರಿಯಾಗಿ ಹೋಯಿತು.

ನಾವು ಮಾಡುವುದು ಇಷ್ಟೇ. ವಾಲ್ಟ್‌ವಾರ್ಡನ್‌ನ ಸರಕೆಲ್ಲ ಡೇಟಾ ಎಂಬ ಒಂದು ಫೋಲ್ಡರಿನಲ್ಲಿರುತ್ತದೆ: ಎಸ್‌ಕ್ಯೂಲೈಟ್ ಡೇಟಾಬೇಸು, ಲಗತ್ತಿಸಿದ ಫೈಲುಗಳು, ಸೆಟ್ಟಿಂಗು. ಸರ್ವರ್ ಓಡುತ್ತಿರುವಾಗ ಡೇಟಾಬೇಸನ್ನು ಹಾಗೇ ಕಾಪಿ ಮಾಡಿದರೆ ಅರ್ಧ ಬರೆದದ್ದು ಸಿಗಬಹುದು. ಅದಕ್ಕೆ ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಕಮಾಂಡ್ ಬಳಸುತ್ತೇವೆ. ಪ್ರತಿಗೂ ಬೀಗ ಹಾಕಿ, ಒಂದನ್ನು ಅರಸೀಕೆರೆಯಲ್ಲಿ, ಇನ್ನೊಂದನ್ನು ಬೇಲೂರಿನಲ್ಲಿ ಇಡುತ್ತೇವೆ. ಒಂದೇ ಮನೆಯಲ್ಲಿ ಎರಡಿದ್ದರೆ ಸಿಡಿಲು, ಕಳ್ಳ ಎರಡಕ್ಕೂ ಒಂದೇ. ತಿಂಗಳಿಗೊಮ್ಮೆ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡುತ್ತೇವೆ. ತೆರೆದು ನೋಡದ ಪ್ರತಿಯನ್ನು ನಂಬಲಾಗದು.

ನಮ್ಮ ಕಡೆ ಕಲ್ಲಿನ ಬರಹಕ್ಕೂ ಪ್ರತಿ ಬೇಕಾಯಿತು. ಬೇಲೂರು, ಅರಸೀಕೆರೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕಲ್ಲು ಸವೆದರೂ ಪಾಠ ಪುಸ್ತಕದಲ್ಲಿದೆ.

ಒಂದು ಮಾತ್ರ ಯಾವ ಬ್ಯಾಕಪ್‌ನಲ್ಲೂ ಇರುವುದಿಲ್ಲ: ಪೆಟ್ಟಿಗೆ ತೆರೆಯುವ ಮಾಸ್ಟರ್ ಪಾಸ್‌ವರ್ಡ್. ಅದು ಮರೆತರೆ ಸರ್ವರ್ ಇಟ್ಟವರೂ ತೆಗೆದುಕೊಡಲಾರರು. ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಜಮೀನಿನ ಪತ್ರಗಳ ಜೊತೆ ಇಟ್ಟಿದ್ದೇವೆ. ಮನೆಯಲ್ಲಿ ಒಬ್ಬರಿಗೆ ಜಾಗ ಗೊತ್ತು. ಬೈಕಿನಲ್ಲೇ ದಿನ ಕಳೆಯುವವರು ನಾವು; ನಮಗೇನಾದರೂ ಆದರೆ ಅವರು ಬ್ಯಾಂಕು, ವಿಮೆಗೆ ಪರದಾಡಬಾರದು.

ಸರ್ವರ್ ನಿಮಗೆ ಬೇಡದಿರಬಹುದು. ಲಕೋಟೆ ಎಲ್ಲರಿಗೂ ಬೇಕು. ಇವತ್ತು ರಾತ್ರಿ ಊಟವಾದ ಮೇಲೆ ಇಮೇಲ್ ಪಾಸ್‌ವರ್ಡ್ ಒಂದನ್ನಾದರೂ ಬರೆದಿಡಿ.