ಕುಲೆಗಳ ಮದುವೆ

1941ರಲ್ಲಿ, ಲಂಡನ್ ನಗರದ ಮೇಲೆ ಬಾಂಬುಗಳು ಬಿದ್ದ ವರ್ಷವೇ, ನೊಯೆಲ್ ಕವರ್ಡ್ ಎಂಬ ನಾಟಕಕಾರನು ‘ಬ್ಲೈತ್ ಸ್ಪಿರಿಟ್’ ಎಂಬ ಪ್ರಹಸನವನ್ನು ರಂಗಕ್ಕೆ ತಂದನು. ಲೇಖಕನೊಬ್ಬನು ಎರಡನೆಯ ಹೆಂಡತಿಯೊಡನೆ ನೆಮ್ಮದಿಯಾಗಿರುವಾಗ, ಸತ್ತ ಮೊದಲ ಹೆಂಡತಿ ಪ್ರೇತವಾಗಿ ಮನೆಗೆ ಬರುತ್ತಾಳೆ. ಅವಳು ಕಾಣುವುದು ಗಂಡನೊಬ್ಬನಿಗೇ. ಅವನು ಪ್ರೇತವನ್ನು ಗದರಿದರೆ, ಬದುಕಿರುವವಳು ತನ್ನನ್ನೇ ಬೈದನೆಂದು ಮುನಿಯುತ್ತಾಳೆ. ಕೊನೆಗೆ ಅವಳೂ ಸತ್ತು ಪ್ರೇತವಾಗಲು, ಬಡಪಾಯಿಗೆ ಇಬ್ಬರ ಕಾಟ! ಸಾವು ಬಾಗಿಲಲ್ಲೇ ನಿಂತಿದ್ದ ಆ ದಿನಗಳಲ್ಲಿ ಜನರು ಇದನ್ನು ನೋಡಿ ನಕ್ಕರು. ಲಂಡನ್ನಿನಲ್ಲಿ 1,997 ಪ್ರದರ್ಶನಗಳಾದವು.

ಅಲ್ಲಿ ಪ್ರೇತವು ಸಂಸಾರವನ್ನು ಕೆಡಿಸಲು ಬಂದರೆ, ನಮ್ಮ ತುಳುನಾಡಿನಲ್ಲಿ ಅದು ತನಗೊಂದು ಸಂಸಾರ ಬೇಕೆಂದು ಬರುತ್ತದೆ. ತುಳುವರು ಪ್ರೇತವನ್ನು ‘ಕುಲೆ’ ಎನ್ನುವರು. ಎಳವೆಯಲ್ಲಿ ತೀರಿಕೊಂಡ ಮಗುವೂ ಮದುವೆಯ ವಯಸ್ಸಿಗೆ ಬರುವುದೆಂದೂ, ಅದಕ್ಕೆ ಮದುವೆಯಾಗದಿದ್ದರೆ ಒಡಹುಟ್ಟಿದವರ ಮದುವೆಗೆ ಅಡ್ಡಿಯಾಗುವುದೆಂದೂ ಅಲ್ಲಿ ಕೆಲವರ ನಂಬಿಕೆ. ಆಗ ಹಿರಿಯರು ಅಂಥದೇ ದುಃಖವನ್ನುಂಡ ಇನ್ನೊಂದು ಮನೆಯನ್ನು ಹುಡುಕುವರು. ಜಾತಿ ಒಂದೇ ಇರಬೇಕು, ಬರಿ ಎಂಬ ಕುಲ ಬೇರೆಯಿರಬೇಕು. 2024ರಲ್ಲಿ ಪುತ್ತೂರಿನ ಕುಟುಂಬವೊಂದು, ಸುಮಾರು 30 ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಜಾತಿ, ಬರಿಗಳನ್ನು ಕಾಣಿಸಲು ಮರೆಯಲಿಲ್ಲ. ಮಸಣವನ್ನು ದಾಟಿಯೂ ಬೆನ್ನು ಬಿಡದ ಈ ಜಾತಿಯನ್ನು ಕಂಡು ನಗುವುದೋ ಅಳುವುದೋ ತಿಳಿಯದು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಅಲ್ಲಿಯೂ ಅನೇಕ ಮನೆಗಳಲ್ಲಿ ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆಯಿಟ್ಟು ಎಡೆ ಹಾಕುವುದುಂಟು. ಬದುಕಿದ್ದಾಗ ಅತ್ತೆಯೊಡನೆ ದಿನವೂ ಜಗಳವಾಡಿದ ಸೊಸೆಯೂ ಆ ದಿನ ಹೋಳಿಗೆಗೆ ತುಪ್ಪ ಕಡಿಮೆಯಾದೀತೆಂದು ಇನ್ನಷ್ಟು ಬಡಿಸುವಳು.

ಕುಲೆ ಕಾಡುವುದೆಂಬುದಕ್ಕೆ ಆಧಾರವಿಲ್ಲ. ಬದುಕಿರುವವರಿಗೆ ಸಂಬಂಧ ಕೂಡಿಬರದಿರಲು ಬೇರೆ ಕಾರಣಗಳಿರುತ್ತವೆ. ಅವುಗಳ ಹೊರೆಯನ್ನು ಸತ್ತ ಮಗುವಿನ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ. ಆದರೆ ಹೆತ್ತವಳ ಲೆಕ್ಕ ಬೇರೆ. ಇದ್ದಿದ್ದರೆ ಈಗ ಶಾಲೆಗೆ ಹೋಗುತ್ತಿದ್ದಳು, ಈಗ ಇಪ್ಪತ್ತು ತುಂಬುತ್ತಿತ್ತು ಎಂದು ಅವಳು ಎಣಿಸುತ್ತಲೇ ಇರುವಳು.

ಬದುಕಿರುವವರ ಮದುವೆಗೆ ಆಗದೆಂದು ಬಿಟ್ಟ ಆಟಿ ತಿಂಗಳಿನಲ್ಲಿಯೇ ಹೆಚ್ಚಾಗಿ ಈ ಮದುವೆಗಳು ನಡೆಯುತ್ತವೆ. ವರನ ಕಡೆಯವರು ಧಾರೆಯ ಸೀರೆ ತರುವರು. ಅದನ್ನು ಉಡಲು ಮದುಮಗಳಿಗೆ ಸಮಯ ಬೇಕಲ್ಲವೇ? ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕಾಯುವರು.