ಶೆಡ್ಡಿನಲ್ಲೊಂದು ಎನ್‌ಪಿಎ

ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ನಮ್ಮ ಬ್ಯಾಂಕಿನವರ ಭಾಷೆಯಲ್ಲಿ ಅದು ಎನ್‌ಪಿಎ. ಊರವರ ಬಾಕಿಗೆಲ್ಲ ನೋಟಿಸ್ ಕಳಿಸುವ ನನ್ನ ಮನೆಯ ಶೆಡ್ಡಿನಲ್ಲೇ 2018ರಿಂದ ಒಂದು ಎನ್‌ಪಿಎ ಬಿದ್ದಿದೆ ನೋಡಿ!

ಅದು ಅಪ್ಪನ ಪ್ರೀಮಿಯರ್ ಪದ್ಮಿನಿ. 1089 ಸಿಸಿ, ನಾಲ್ಕು ಸಿಲಿಂಡರು. ರಾಯಚೂರಿನಲ್ಲಿ ಭಾನುವಾರ ಬೆಳಿಗ್ಗೆ ಅಪ್ಪ ಅದನ್ನು ತೊಳೆಯುತ್ತಿದ್ದರೆ ಅಮ್ಮ, "ನನ್ನ ಸವತಿದು ಸ್ನಾನ ಆತೇನ್ರಿ?" ಅನ್ನುತ್ತಿದ್ದಳು. ಅಪ್ಪ ಹೋದ ಮೇಲೆ ಲಾರಿಯಲ್ಲಿ ಹೈದರಾಬಾದಿಗೆ ತಂದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು. ರಿಂಗು ಸವೆದು ಆಯಿಲ್ ಉರಿಯುತ್ತಿದೆ ಅಂತ ಅರ್ಥ. ನಾನೇ ರಿಪೇರಿ ಮಾಡುತ್ತೇನೆ ಅಂದೆ. ಬಿಕಾಂ ಓದಿದವನಿಗೆ ಇದೆಲ್ಲ ಯಾಕೆ ಬೇಕಿತ್ತೋ!

ಬಿಚ್ಚುವುದು ಹಬ್ಬ. ಎರಡೇ ಭಾನುವಾರಕ್ಕೆ ಹೆಡ್ಡು, ಪಿಸ್ಟನ್ನು, ಕ್ರ್ಯಾಂಕ್ ಶಾಫ್ಟು ಎಲ್ಲ ಹೊರಗೆ. ಬ್ಲಾಕು ಬೋರಿಂಗ್ ಮಾಡಿಸಿದೆ. ರಾಣಿಗಂಜ್ ಸುತ್ತಿ ಓವರ್‌ಸೈಜ್ ಪಿಸ್ಟನ್ನು, ರಿಂಗು, ಬೇರಿಂಗು ತಂದೆ. ಅಲ್ಲಿಗೆ ನಿಂತಿತು... ಜೋಡಿಸುವುದಕ್ಕೆ ಬರೀ ತಾಳ್ಮೆ ಬೇಕು. ಒಂದೊಂದು ರಿಂಗಿನ ಗ್ಯಾಪನ್ನೂ ಫೀಲರ್ ಗೇಜಿನಿಂದ ಅಳೆಯಬೇಕು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸುತ್ತು ಸುತ್ತಾಗಿ ಬಿಗಿಯಬೇಕು. ನನಗೋ ಆಡಿಟ್, ವರ್ಗಾವಣೆ, ಮಗಳ ಮದುವೆ. ನೆಪಕ್ಕೇನು ಬರ? ವರ್ಷಕ್ಕೊಂದು ಹೊಸ ಸ್ಪ್ಯಾನರ್ ಕೊಂಡು, ಕೆಲಸ ನಡೆದಿದೆ ಎಂದುಕೊಳ್ಳುತ್ತಿದ್ದೆ. ಕೆಟ್ಟ ಸಾಲ ಮುಚ್ಚಲು ಹೊಸ ಸಾಲ ಕೊಡುವುದಕ್ಕೆ ನಾವು ಎವರ್‌ಗ್ರೀನಿಂಗ್ ಅನ್ನುತ್ತೇವೆ. ನಾನು ಮಾಡುತ್ತಿದ್ದದ್ದೂ ಅದೇ.

2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಸರಿದ ಸುದ್ದಿ ಓದಿ ಹೆಂಡತಿ, "ನಮ್ಮದನ್ನೂ ಗುಜರಿಗೆ ಹಾಕಿಬಿಡ್ರಿ, ಆಸಕ್ತಿ ಹೋಗ್ಯದಲ್ಲ ನಿಮಗ" ಅಂದಳು. ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದಾಗ ಹೊಳೆಯಿತು. ಹೋದದ್ದು ಆಸಕ್ತಿಯಲ್ಲ, ಧೈರ್ಯ. ಎಲ್ಲ ಜೋಡಿಸಿ ಕೀಲಿ ತಿರುಗಿಸಿದಾಗ ಇಂಜಿನ್ ಮಾತಾಡದೇ ಹೋದರೆ? ಬಿಚ್ಚಿಟ್ಟಿರುವ ತನಕ ಅಪ್ಪನ ಕಾರು ರಿಪೇರಿಯಲ್ಲಿದೆ ಅಷ್ಟೇ, ಸತ್ತಿಲ್ಲ.

ಆ ಮೇಲೂ ಸುಮ್ಮನೇ ಇದ್ದೆ ಅನ್ನಿ. ಕಳೆದ ವಾರ ಕೊನೆಗೂ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆತಂದೆ. ಬಿಸ್ಕತ್ ಡಬ್ಬಿಯಲ್ಲಿ ಕಲಸಿ ಹೋದ ನಟ್ಟು ಬೋಲ್ಟು ನೋಡಿ ಅವರು, "ಖೋಲ್ನಾ ತೋ ಸಬ್ ಕೋ ಆತಾ ಸಾಬ್" ಎಂದು ನಕ್ಕರು. ಬಿಚ್ಚುವುದಕ್ಕೆ ಎಲ್ಲರಿಗೂ ಬರುತ್ತದಂತೆ! ಬರುವ ಭಾನುವಾರದಿಂದ ಅವರು ಜೋಡಿಸುತ್ತಾರೆ, ನಾನು ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುತ್ತೇನೆ. ಅಪ್ಪನ ಪಕ್ಕದಲ್ಲೂ ನನಗಿದ್ದದ್ದು ಅದೇ ಕೆಲಸ.

ಸ್ಟಾರ್ಟ್ ಆದರೆ ನಿಮಗೆ ತಿಳಿಸುತ್ತೇನೆ. ಆಗದಿದ್ದರೂ ತಿಳಿಸುತ್ತೇನೆ.